ನಾಯಿಗೆ ಕೈಯಿಲ್ಲ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಮದುವೆಯಾಗಿ ದಾವಣಗೆರೆಗೆ ಬಂದಾಗ, ಮಂಡಿಪೇಟೆಯ ಹಿಂದಿನ ನಮ್ಮ ಓಣಿಯಲ್ಲಿ ಎಲ್ಲರಿಗಿಂತ ಮೊದಲು ಏಳುತ್ತಿದ್ದವರು ಇಬ್ಬರು. ಒಬ್ಬರು ನನ್ನ ಅತ್ತೆ. ನಾಲ್ಕೂವರೆಗೆ ಎದ್ದು, ಬಾಗಿಲ ಮುಂದೆ ಸಗಣಿ ನೀರು ಹಾಕಿ, ಸ್ನಾನ ಮಾಡಿ, ಆಮೇಲೆ ರಂಗೋಲಿ ಡಬ್ಬಿ ಹಿಡಿದು ಹೊರಗೆ ಬರುತ್ತಿದ್ದರು. ಇನ್ನೊಬ್ಬರು ಎದುರು ಮನೆಯ ಚಾಚಾ. ಜೀವಮಾನವಿಡೀ ಟ್ರಂಕು, ಲಾಳಿಕೆ, ಬಕೆಟ್ಟು ಅಂತ ತಗಡಿನ ಕೆಲಸ ಮಾಡಿ, ಅಂಗಡಿಯನ್ನು ಮಗನಿಗೆ ಬಿಟ್ಟುಕೊಟ್ಟು ಕೂತಿದ್ದ ಹಿರಿಯರು. ಕಣ್ಣು ಮಂಜಾಗಿತ್ತು. ಆದರೂ ಬೆಳಗಿನ ನಮಾಜಿಗೆ ಓಣಿಯ ತಿರುವಿನಾಚೆ ಇದ್ದ ಮಸೀದಿಗೆ ಕೋಲೂರಿಕೊಂಡು ಒಬ್ಬರೇ ಹೋಗುತ್ತಿದ್ದರು. ಕೈ ಹಿಡಿಯಲು ಯಾರೂ ಬರಕೂಡದು. ಮಗ "ಮನಿಯಾಗೇ ನಮಾಜು ಓದ್ರಿ ಅಬ್ಬಾ" ಎಂದರೆ, "ಕಾಲು ಇರೋತನಕ ಹೋಗ್ತೀನಿ" ಎನ್ನುತ್ತಿದ್ದರು. ದಿನವಿಡೀ ಅವರು ತಾವಾಗಿಯೇ ಮಾಡುತ್ತಿದ್ದುದು ಅದೊಂದೇ ಕೆಲಸ. ಅದು ಓಣಿಗೆಲ್ಲ ಗೊತ್ತಿತ್ತು, ನನಗೂ ಗೊತ್ತಿತ್ತು.

ನಾನು ತವರಾದ ಕೊಕ್ಕನೂರಿನಿಂದ ಬರುವಾಗ ಎರಡು ಸಾಮಾನು ತಂದಿದ್ದೆ: ಮೂಗಿನ ತುದಿಯ ಕೋಪ ಮತ್ತು ಒಂದು ಕಂದು ಬಣ್ಣದ ನಾಯಿ. ಮೊದಲನೆಯದನ್ನು ಯಾರೂ ಕೇಳಿರಲಿಲ್ಲ. ಎರಡನೆಯದನ್ನು ನಾನೇ ಅತ್ತು ಕರೆದು ತರಿಸಿಕೊಂಡಿದ್ದೆ. ನನ್ನ ತಮ್ಮ ಅದನ್ನು ಗೋಣಿಚೀಲದಲ್ಲಿ ಕೂರಿಸಿ, ತಲೆ ಮಾತ್ರ ಹೊರಗೆ ಬಿಟ್ಟು, ಬಸ್ಸಿನ ಕಂಡಕ್ಟರನ ಕೈಕಾಲು ಹಿಡಿದು ತಂದು ಇಳಿಸಿದ್ದ. ಹೊಸ ಮನೆಯಲ್ಲಿ ನನ್ನ ಮಾತು ಪೂರ್ತಿ ಕೇಳಿಸಿಕೊಳ್ಳುತ್ತಿದ್ದ ಜೀವ ಅದೊಂದೇ ಎಂದು ಆಗ ನನಗೆ ಅನ್ನಿಸುತ್ತಿತ್ತು.

ಹಳ್ಳಿಯಲ್ಲಿ ನಾಯಿ ಎಲ್ಲಿ ಹೋಗುತ್ತದೆ, ಎಲ್ಲಿ ಕೂರುತ್ತದೆ ಎಂದು ಯಾರೂ ನೋಡುವುದಿಲ್ಲ. ಗದ್ದೆ ಇದೆ, ಬದು ಇದೆ, ತಿಪ್ಪೆ ಇದೆ. ಓಣಿಯಲ್ಲಿ ಇರುವುದು ಓಣಿ ಮಾತ್ರ. ನನ್ನ ಯಜಮಾನರು ಹರಿಹರದ ಕಾರ್ಖಾನೆಯಲ್ಲಿ ಮೊದಲ ಪಾಳಿ. ಬೆಳಗ್ಗೆ ಐದಕ್ಕೆ ಟಿಫಿನ್ ಡಬ್ಬಿ ಹಿಡಿದು ಹೊರಡುವಾಗ ನಾಯಿಯ ಹಗ್ಗ ಬಿಚ್ಚಿ ಹೋಗುತ್ತಿದ್ದರು. ಆ ನಾಯಿಗೆ ಶಿಸ್ತು ಬಹಳ. ಸೀದಾ ಓಣಿಯ ನಡುಮಧ್ಯೆ ಹೋಗಿ, ಮಸೀದಿಯ ತಿರುವಿನ ಹತ್ತಿರ, ತನ್ನ ಕೆಲಸ ಮುಗಿಸಿ, ಹಿಂಗಾಲಿನಿಂದ ಎರಡು ಸಲ ಮಣ್ಣು ಕೆರೆದು ವಾಪಸು ಬರುತ್ತಿತ್ತು. ಟಾರು ಹಾಕಿದ ರಸ್ತೆಯಲ್ಲಿ ಮಣ್ಣು ಎಲ್ಲಿಂದ ಬರಬೇಕು? ಆದರೂ ಕೆರೆಯುತ್ತಿತ್ತು. ಅದರ ಕಡೆಯಿಂದ ಅದು ಮುಚ್ಚಿ ಬಂದಂತೆಯೇ.

"ನಿನ್ನ ನಾಯಿ ಓಣಿ ಹೊಲಸು ಮಾಡ್ತೈತೆ, ಸ್ವಲ್ಪ ನೋಡ್ಕ" ಎಂದು ಅತ್ತೆ ಒಂದೆರಡು ಸಲ ಹೇಳಿದರು.

"ಎಂಟಕ್ಕೆ ಮುನಿಸಿಪಾಲ್ಟಿಯಾಕಿ ಬರ್ತಾಳಲ್ರಿ ಅತ್ತೆ, ಗುಡಿಸ್ತಾಳೆ" ಎಂದು ನಾನು ಮಗ್ಗುಲು ಬದಲಿಸಿದೆ. ನಾನು ಏಳುತ್ತಿದ್ದುದು ಆರೂವರೆಗೆ.

ಒಂದು ದಿನ ಅತ್ತೆಯ ಬದಲು ಹಾಲು ತರಲು ಹೊರಟವಳು ತಿರುವಿನಲ್ಲಿ ನಿಂತುಬಿಟ್ಟೆ. ನನ್ನ ನಾಯಿ ಬಿಟ್ಟುಹೋದದ್ದು ಅಲ್ಲಿತ್ತು. ಅದರ ಸುತ್ತ ದುಂಡಗೆ, ದಪ್ಪವಾಗಿ, ಬೆಳ್ಳಗೆ ಒಂದು ರಂಗೋಲಿಯ ಸುತ್ತು. ಒಂದು ಎಳೆ ಅಲ್ಲ, ಎರಡು ಎಳೆ. ಆ ಕೈ ಯಾರದೆಂದು ಯಾರೂ ಹೇಳಬೇಕಾಗಿರಲಿಲ್ಲ. ಓಣಿಯಲ್ಲಿ ಅಷ್ಟು ದುಂಡಗೆ ಎಳೆ ಎಳೆಯುತ್ತಿದ್ದವರು ನನ್ನ ಅತ್ತೆ ಒಬ್ಬರೇ. ಪಕ್ಕದ ಮನೆಯಾಕೆ ಬಾಯಿಗೆ ಸೆರಗು ಹಿಡಿದು, "ಏನ್ ಮರ್ಯಾದೆರಿ ನಿಮ್ಮ ನಾಯಿದು! ತಿಂಗಳಾತು, ಕೂತಲ್ಲೆಲ್ಲ ರಂಗೋಲಿ ಹಾಕಿಸ್ಕಣ್ತೈತೆ" ಎಂದು ನಕ್ಕಳು.

ನನ್ನ ಮೈ ಉರಿದುಹೋಯಿತು. ಸೊಸೆಯನ್ನು ಊರ ಮುಂದೆ ಆಡಿಕೊಳ್ಳಲು ಎಂಥ ಉಪಾಯ! ಬಾಯಿಬಿಟ್ಟು ಬೈದಿದ್ದರೆ ನಾನೂ ಬಾಯಿಬಿಡುತ್ತಿದ್ದೆ. ಇದಕ್ಕೆ ಏನು ಉತ್ತರ ಕೊಡುವುದು? ಕೇಳಿಬಿಡಬಹುದಿತ್ತು, "ಯಾಕ್ರಿ ಅತ್ತೆ ಹಿಂಗ್ ಮಾಡಿದ್ರಿ" ಅಂತ. ನಾನು ಕೇಳಲಿಲ್ಲ. ಬದಲಿಗೆ ಮೂರು ದಿನ ಮಾತು ಬಿಟ್ಟೆ. ಪಾತ್ರೆಗಳನ್ನು ಸದ್ದು ಮಾಡಿ ಇಟ್ಟೆ. ಸಾರಿಗೆ ಒಂದು ದಿನ ಉಪ್ಪು ಹೆಚ್ಚು ಹಾಕಿದೆ, ಮರುದಿನ ಹಾಕಲೇ ಇಲ್ಲ. ಅತ್ತೆ ಎರಡನ್ನೂ ಒಂದೇ ಮುಖದಲ್ಲಿ ಉಂಡು ಎದ್ದರು. ಮೂರು ದಿನವೂ ಬೆಳಗ್ಗೆ ತಿರುವಿನಲ್ಲಿ ಸುತ್ತು ಇದ್ದೇ ಇತ್ತು.

ನಾಲ್ಕನೆಯ ದಿನ ನಾನೂ ಐದು ದಾಟಿ ಹತ್ತು ನಿಮಿಷಕ್ಕೇ ಎದ್ದೆ. ಅತ್ತೆ ರಂಗೋಲಿ ಮುಗಿಸಿ ಪೂಜೆಗೆ ಕೂತಿದ್ದರು. ಕಳ್ಳಿಯಂತೆ ಹೊರಗೆ ಹೋಗಿ, ಪೊರಕೆಯಿಂದ ಆ ಸುತ್ತನ್ನು ಉಜ್ಜಿ ಉಜ್ಜಿ ಅಳಿಸಿದೆ. ಒಳಗಿದ್ದುದನ್ನು ಮುಟ್ಟಲಿಲ್ಲ. ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಪೊರಕೆ ಕೈಯಲ್ಲೇ ಇದ್ದರೂ ಅದನ್ನು ಎತ್ತುವುದು ನನ್ನ ಕೆಲಸ ಎಂದು ನನಗೆ ಹೊಳೆಯಲೇ ಇಲ್ಲ. ಗೆದ್ದವಳಂತೆ ಒಳಗೆ ಬಂದು ಒಲೆ ಹಚ್ಚಿದೆ.

ಒಲೆ ಇನ್ನೂ ಉರಿ ಹಿಡಿದಿರಲಿಲ್ಲ, ಹೊರಗೆ ಏನೋ ಬಿದ್ದ ಸದ್ದಾಯಿತು. ಓಡಿ ಹೋಗಿ ನೋಡಿದರೆ ತಿರುವಿನಲ್ಲಿ ಚಾಚಾ ಒಂದು ಮೊಣಕಾಲೂರಿ ಕೂತಿದ್ದರು. ಕಾಲು ಜಾರಿತ್ತು. ಬಿಳಿ ಪೈಜಾಮ, ಅಂಗೈ ಎರಡೂ ಹೊಲಸಾಗಿದ್ದವು. ಟೋಪಿ ಅಷ್ಟು ದೂರ ಬಿದ್ದಿತ್ತು. ಪುಣ್ಯಕ್ಕೆ ಮೂಳೆ ಮುರಿದಿರಲಿಲ್ಲ. ಆದರೆ ಆ ಬಟ್ಟೆಯಲ್ಲಿ ನಮಾಜಿಗೆ ನಿಲ್ಲುವಂತಿರಲಿಲ್ಲ. ಮಗ ಬಂದು ತೋಳು ಹಿಡಿದು ಎಬ್ಬಿಸಿ, ಮನೆಗೆ ಕರೆದುಕೊಂಡು ಹೋದ. ಚಾಚಾ ಕೈಯನ್ನು ಮೈಯಿಂದ ದೂರ ಹಿಡಿದುಕೊಂಡು, ನಡೆಯಲು ಕಲಿಯುವ ಮಗುವಿನಂತೆ ಹೆಜ್ಜೆ ಇಡುತ್ತಾ ಹೋದರು.

ಅತ್ತೆ ಪೂಜೆ ಅರ್ಧಕ್ಕೇ ಬಿಟ್ಟು ಹೊರಗೆ ಬಂದಿದ್ದರು. ನೆಲದ ಮೇಲೆ ಪೊರಕೆಯ ಗೀರು ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಅಳಿಸಿದೆಯಾ?"

ನಾನು ಹೌದೆಂದು ತಲೆಯಾಡಿಸಿದೆ.

"ಅವರ ಕಣ್ಣಿಗೆ ಬಿಳೀದು ಒಂದೇ ಕಾಣೋದು. ಸುತ್ತು ಕಂಡ್ರೆ ಪಕ್ಕಕ್ಕೆ ಸರಿದು ಹೋಗ್ಲಿ ಅಂತ ಹಾಕ್ತಿದ್ದೆ. ನಾನೇ ಹೇಳಿದ್ದೆ ಅವರಿಗೆ."

"ನನ್ನ ಆಡಿಕೊಳ್ಳಾಕ ಅಂದ್ಕಂಡೆ" ಎಂದೆ. ದನಿ ನನಗೇ ಕೇಳಿಸಲಿಲ್ಲ.

"ನಿನ್ನ ಆಡಿಕೊಳ್ಳಾಕ ನನಗೆ ರಂಗೋಲಿ ಪುಡಿ ಯಾಕ ಬೇಕು? ಬಾಯಿ ಇಲ್ಲೇನು?"

ಅದೂ ನಿಜವೇ. ಆದರೂ ನನ್ನ ಕೋಪಕ್ಕೆ ಇನ್ನೂ ಒಂದು ಬಾಲ ಉಳಿದಿತ್ತು. "ಹಂಗಾರೆ ನೀವೇ ಎತ್ತಿ ಹಾಕಬಹುದಿತ್ತಲ್ರಿ."

"ಜಳಕ ಮಾಡಿ ಪೂಜೆಗೆ ಹೊಂಟೋಳು ನಾಯಿ ಹೊಲಸು ಎತ್ಲೇನು? ಕೈಕಾಲು ಮುಖ ತೊಳೆದು ವುಜು ಮಾಡಿ ಹೊಂಟ ಅವರು ಮುಟ್ಟಂಗಿಲ್ಲ, ನಾ ಮುಟ್ಟಂಗಿಲ್ಲ. ಮುಟ್ಟಬೇಕಾದೋಳು ಏಳೋದು ಆರೂವರೆಗೆ."

ದಿನಾ ಬೆಳಗ್ಗೆ ಮೊಣಕೈವರೆಗೆ ಸಗಣಿಯಲ್ಲಿ ಕೈ ಹಾಕುವ ಹೆಂಗಸು ಇದನ್ನು ಹೇಳುತ್ತಿದ್ದಾರಲ್ಲ ಎಂದು ನಾಲಿಗೆಯ ತುದಿಗೆ ಬಂದಿತ್ತು. ನನ್ನ ಜೀವನದಲ್ಲಿ ನಾಲಿಗೆಯನ್ನು ಸಕಾಲಕ್ಕೆ ಕಚ್ಚಿಕೊಂಡ ಕೆಲವೇ ಸಂದರ್ಭಗಳಲ್ಲಿ ಅದೊಂದು.

ಆವತ್ತೇ ಚಾಚಾರ ಮಗ ತೀರ್ಮಾನ ಹೇಳಿದ: ಇನ್ನು ಅಬ್ಬಾ ಒಬ್ಬರೇ ಹೊರಗೆ ಹೋಗುವಂತಿಲ್ಲ. ಅವನಿಗೆ ಅಂಗಡಿಯ ಕೆಲಸ, ದಿನಾ ಕೈ ಹಿಡಿದು ಕರೆದೊಯ್ಯುವುದು ಆಗದ ಮಾತು. ಹಾಗಾಗಿ ನಮಾಜು ಮನೆಯಲ್ಲೇ. ಮರುದಿನ ಐದೂಕಾಲಿಗೆ ನಾನು ಕಿಟಕಿಯ ಹತ್ತಿರ ನಿಂತು ಕಾದೆ. ಎದುರು ಮನೆಯ ಬಾಗಿಲು ತೆರೆಯಲಿಲ್ಲ. ಅದರ ಮರುದಿನವೂ ಇಲ್ಲ. ದಿನಾ ಅರೆನಿದ್ದೆಯಲ್ಲಿ ಕೇಳುತ್ತಿದ್ದ ಅವರ ಕೋಲಿನ ಟಕ್ ಟಕ್ ಸದ್ದಿಲ್ಲದೆ ಬೆಳಗಾಗುವುದನ್ನು ನನಗೆ ಸಹಿಸಲಾಗಲಿಲ್ಲ.

ಮೂರನೆಯ ದಿನ ಅವರ ಮನೆಗೆ ಹೋದೆ. ಚಾಚಾ ಪಡಸಾಲೆಯಲ್ಲಿ ತಾವೇ ಮಾಡಿದ ಹಳೆಯ ಟ್ರಂಕಿನ ಮೇಲೆ ಕೂತಿದ್ದರು. "ಬಾ ಬೇಟಿ, ಕೂಡು" ಎಂದರು. ಕೂರಲಿಲ್ಲ. "ಸುತ್ತು ಅಳಿಸಿದ್ದು ನಾನೇ ಚಾಚಾ" ಎಂದುಬಿಟ್ಟೆ. ಕಣ್ಣಲ್ಲಿ ನೀರು ತುಂಬಿಕೊಂಡಿತು. "ನಾಯೀನ ಊರಿಗೆ ಕಳಿಸ್ತೀನಿ. ನಾಳೆ ಬಸ್ಸಿಗೇ ಕಳಿಸ್ತೀನಿ."

ಅವರು ಟ್ರಂಕಿನ ಮೇಲೆ ಪಕ್ಕಕ್ಕೆ ಸರಿದು ನನಗೆ ಜಾಗ ಮಾಡಿದರು. ಆಮೇಲೆ, "ನಾಯಿ ಏನ್ ಮಾಡೀತು? ಅದು ಹಿಂಗಾಲಿನಾಗೆ ಕೆರೀತೈತಂತಲ್ಲ, ನಿಮ್ಮತ್ತೆ ಅಕ್ಕಾರು ಹೇಳಿದ್ರು. ತನ್ನ ಕೈಲಾದಷ್ಟು ಮಾಡೈತೆ. ನಾಯಿಗೆ ಕೈಯಿಲ್ಲ ಬೇಟಿ. ನಿನಗೆ ಎರಡು ಅದಾವೆ" ಎಂದರು.

ಅಷ್ಟು ನಯವಾಗಿ ನನಗೆ ಯಾರೂ ಮಂಗಳಾರತಿ ಮಾಡಿರಲಿಲ್ಲ. ನಾನು ಹೊರಡುವಾಗ ಅವರು ಎದ್ದು, ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ತಮ್ಮ ಕೋಲನ್ನು ನನ್ನ ಸೊಂಟದವರೆಗೆ ಅಳತೆ ಹಿಡಿದರು. ಯಾಕೆಂದು ತಿಳಿದದ್ದು ಎರಡು ದಿನ ಬಿಟ್ಟು, ಅವರ ಮಗ ಮುಖ ಗಂಟು ಹಾಕಿಕೊಂಡು ಅದನ್ನು ತಂದುಕೊಟ್ಟಾಗ. ಎಣ್ಣೆ ಡಬ್ಬದ ತಗಡು ಕತ್ತರಿಸಿ ಮಾಡಿದ ಪುಟ್ಟ ಮೊರ, ಅದಕ್ಕೆ ಬಗ್ಗದೆ ಹಿಡಿಯುವಷ್ಟು ಉದ್ದದ ಹಿಡಿಕೆ. ಜೊತೆಗೆ ದೂಡಲು ಒಂದು ಪಟ್ಟಿ. ಅಂಚುಗಳನ್ನೆಲ್ಲ ಕೈ ಕೊಯ್ಯದಂತೆ ಮಡಚಿದ್ದರು. "ಅಬ್ಬಾ ಕೂತು ಹೇಳಿ ಹೇಳಿ ಮಾಡಿಸಿದ್ರು" ಎಂದ ಮಗ. "ಆದ್ರೂ ಅವರನ್ನ ಒಬ್ಬರನ್ನೇ ಕಳ್ಸಾಕ ಆಗಲ್ರಿ. ನಿಮ್ಮ ನಾಯಿ ಒಂದೇ ಅಲ್ಲ. ಮೂಲೆ ಮನಿ ಸಾಹುಕಾರ್ರದೂ ಒಂದು ಐತಲ್ಲ."

ಹಾಗಾಗಿ ನನ್ನ ಕೆಲಸ ಎರಡಾಯಿತು. ಮೊದಲನೆಯದು ಸುಲಭ. ಮಂಡಕ್ಕಿ ಭಟ್ಟಿಯಿಂದ ಭತ್ತದ ಹೊಟ್ಟಿನ ಬೂದಿ ಒಂದು ಚೀಲ ತರಿಸಿದೆ. ನಾಯಿಯ ಹಿಂದೆಯೇ ಹೋಗಿ, ಅದು ಕೆರೆದು ಮುಗಿಸುವವರೆಗೆ ಮರ್ಯಾದೆಯಿಂದ ಕಾದು, ಬೂದಿ ಸುರಿದು, ಮೊರಕ್ಕೆ ದೂಡಿ, ಓಣಿಯ ಕೊನೆಯ ಕಸದ ತೊಟ್ಟಿಗೆ ಹಾಕುವುದು. ಎರಡು ನಿಮಿಷದ ಕೆಲಸ. ಇದಕ್ಕಾಗಿ ಓಣಿಯಲ್ಲಿ ಇಷ್ಟೆಲ್ಲ ಆಯಿತೇ ಎಂದು ನಾಚಿಕೆಯಾಯಿತು. ಭಾನುವಾರ ಯಜಮಾನರ ಸರದಿ ಎಂದೆ. "ಫ್ಯಾಕ್ಟರಿಯೋರು ಯಾರಾರ ನೋಡಿದ್ರೆ?" ಎಂದು ತಲೆಗೆ ಟವೆಲ್ ಸುತ್ತಿ, ಕಣ್ಣು ಮಾತ್ರ ಬಿಟ್ಟುಕೊಂಡು ಹೋದರು. ಪಕ್ಕದಲ್ಲಿ ನಮ್ಮ ನಾಯಿ ಬಾಲ ಆಡಿಸುತ್ತಾ ಹೋಗುತ್ತಿದ್ದುದರಿಂದ ಗುರುತು ಸಿಗದವರು ಯಾರೂ ಇರಲಿಲ್ಲ.

ಎರಡನೆಯದು ಮೂಲೆ ಮನೆಯ ಸಾಹುಕಾರರು. ಮಂಡಿಪೇಟೆಯಲ್ಲಿ ದಲಾಲಿ ಅಂಗಡಿ, ಮನೆಯಲ್ಲಿ ಕರುವಿನಷ್ಟು ಎತ್ತರದ ನಾಯಿ. ಅದನ್ನು ಬೆಳಗ್ಗೆ ಸರಪಳಿ ಹಿಡಿದು ಅವರೇ ತಿರುಗಾಡಿಸುತ್ತಿದ್ದರು, ಅಥವಾ ಅದು ಅವರನ್ನು ತಿರುಗಾಡಿಸುತ್ತಿತ್ತು. ಚಾಚಾರ ಅಂಗಡಿಯಿಂದ ಇನ್ನೊಂದು ಮೊರ ಮಾಡಿಸಿಕೊಂಡು ಹೋಗಿ ವಿಷಯ ಹೇಳಿದೆ. ಅವರು ಮೊರವನ್ನು ನೋಡಿದರು, ನನ್ನನ್ನು ನೋಡಿದರು, ದೊಡ್ಡದಾಗಿ ನಕ್ಕರು.

"ನಾವು ಅದನ್ನೆಲ್ಲ ಎತ್ತೋ ಮಂದಿ ಅಲ್ಲವ್ವ. ರಸ್ತೆ ಸರ್ಕಾರದ್ದು."

ಕೋಪ ಬಂತು. ಆದರೆ ಈ ಸಲ ಕೋಪಕ್ಕೆ ಒಂದು ಕೆಲಸ ಕೊಟ್ಟೆ. ಮರುದಿನ ಬೆಳಗ್ಗೆ ಸಾಹುಕಾರರ ನಾಯಿ ಬಿಟ್ಟುಹೋದದ್ದರ ಸುತ್ತ ನಾನೇ ರಂಗೋಲಿ ಹಾಕಿದೆ. ಅತ್ತೆ ಹಾಕಿದ್ದು ಕಾಳಜಿಗೆ, ನಾನು ಹಾಕಿದ್ದು ಬೇಕಂತಲೇ ಆಡಿಕೊಳ್ಳಲು. ಮೊದಲ ದಿನ ಬಿಳಿ ಸುತ್ತು. ಎರಡನೆಯ ದಿನ ಎಂಟು ದಳದ ಹೂವು. ಮೂರನೆಯ ದಿನ ದಳಗಳಿಗೆ ಅರಿಶಿನ, ಕೆಂಪು, ಹಸಿರು ಬಣ್ಣ ತುಂಬಿ, ಅಲ್ಲಿಂದ ಸಾಹುಕಾರರ ಮನೆಯ ಮೆಟ್ಟಿಲವರೆಗೆ ಸಾಲಾಗಿ ನಾಯಿಯ ಹೆಜ್ಜೆಗಳನ್ನು ಬಿಡಿಸಿದೆ. ಹೆಜ್ಜೆ ಬಿಡಿಸುವಾಗ ಅತ್ತೆ ಬಾಗಿಲಲ್ಲಿ ನಿಂತು, "ಬೆರಳು ನಾಕು ಹಾಕು, ಐದಲ್ಲ" ಎಂದು ತಿದ್ದಿದರು. ಮಂಡಿಗೆ ಹೋಗುವ ಹಮಾಲರು, ಹಾಲಿನವರು, ಎಲ್ಲರೂ ಆ ಹೆಜ್ಜೆಗಳ ಗುಂಟ ನಡೆದು ಸಾಹುಕಾರರ ಬಾಗಿಲಲ್ಲಿ ನಿಂತು, ಹೊಟ್ಟೆ ಹಿಡಿದುಕೊಂಡು ನಕ್ಕು ಮುಂದೆ ಹೋದರು.

ನಾಲ್ಕನೆಯ ದಿನ ಸಾಹುಕಾರರ ಹೆಂಡತಿ ಬಂದು, "ಆ ಮೊರ ಕೊಡವ್ವ, ನಮ್ಮನೇರು ಕೇಳ್ತಾರೆ" ಎಂದರು. ಐದನೆಯ ದಿನ ಒಂದು ಕೈಯಲ್ಲಿ ಸರಪಳಿ, ಇನ್ನೊಂದರಲ್ಲಿ ಮೊರ ಹಿಡಿದು ಸಾಹುಕಾರರು ಓಣಿಯಲ್ಲಿ ಬರುವುದನ್ನು ನಾನೂ ಅತ್ತೆಯೂ ಕಿಟಕಿಯಿಂದ, ಒಬ್ಬರ ಭುಜದ ಮೇಲೆ ಇನ್ನೊಬ್ಬರು ಕತ್ತು ಚಾಚಿ, ನೋಡಿದೆವು. ನಮ್ಮಿಬ್ಬರ ಮಾತು ಶುರುವಾದದ್ದು ನಿಜವಾಗಿ ಆವತ್ತಿನಿಂದಲೇ.

ಓಣಿ ಎಂಟು ದಿನ ಶುದ್ಧವಾಗಿದ್ದುದನ್ನು ಚಾಚಾರ ಮಗ ಕಣ್ಣಾರೆ ನೋಡಿ, ಕಡೆಗೂ ಒಪ್ಪಿದ. ಒಂಬತ್ತನೆಯ ದಿನ ಐದೂಕಾಲಿಗೆ ಎದುರು ಬಾಗಿಲು ತೆರೆಯಿತು. ಟಕ್ ಟಕ್ ಎಂದು ಚಾಚಾ ಬಂದರು, ಒಬ್ಬರೇ. ತಿರುವಿನ ಹತ್ತಿರ ನಿಂತರು. ಕೋಲಿನಿಂದ ಆ ಕಡೆ ಈ ಕಡೆ ತಡವಿದರು.

"ಏನಾತ್ರಿ ಚಾಚಾ?" ಎಂದು ಕೇಳಿದೆ.

"ಆ ಸುತ್ತು ಕಂಡ್ರೆ ಇಲ್ಲೇ ತಿರುಗಬೇಕು ಅಂತ ರೂಢಿ ಆಗಿತ್ತು. ಈಗ ಎಲ್ಲಿ ತಿರುಗಬೇಕು ತಿಳೀವಲ್ದು" ಎಂದು ನಕ್ಕರು.

ಮರುದಿನದಿಂದ ಅತ್ತೆ ಮತ್ತೆ ಅಲ್ಲಿ ಸುತ್ತು ಹಾಕತೊಡಗಿದರು. ದುಂಡಗೆ, ದಪ್ಪವಾಗಿ, ಎರಡೆಳೆ. ನಡುವೆ ಏನೂ ಇರುತ್ತಿರಲಿಲ್ಲ. ನೆಲ ಗುಡಿಸಿ ಶುದ್ಧ ಮಾಡುವುದು ನನ್ನ ಪಾಲು, ಸುತ್ತು ಅವರ ಪಾಲು. ನಾಯಿಯೂ ನಮ್ಮಿಬ್ಬರನ್ನು ನೋಡಿ ನೋಡಿ, ತನ್ನ ಕೆಲಸವನ್ನು ಕಸದ ತೊಟ್ಟಿಯ ಪಕ್ಕಕ್ಕೇ ವರ್ಗ ಮಾಡಿಕೊಂಡಿತು.

ಎರಡು ವರ್ಷದ ಮೇಲೆ ಒಮ್ಮೆ ಅತ್ತೆ ಹರಿಹರಕ್ಕೆ ಮಗಳ ಬಾಣಂತನಕ್ಕೆ ಹೋದರು. ಮರುದಿನ ಬೆಳಗ್ಗೆ ಸುತ್ತು ಹಾಕಲು ನಾನೇ ಕೂತೆ. ಹೂವು, ಹೆಜ್ಜೆ ಎಲ್ಲ ಬಿಡಿಸಿದ ಕೈಗೆ ಒಂದು ದುಂಡನೆಯ ಎಳೆ ಬರಲಿಲ್ಲ. ಪೊರಕೆಯಿಂದ ಅದನ್ನು ಅಳಿಸಿದ ಕೈಯೂ ಇದೇ ಎಂಬುದು ನೆನಪಾಯಿತು. ಹೇಗೋ ಸುತ್ತು ಮುಗಿಸಿದೆ. ಅಷ್ಟರಲ್ಲಿ ಚಾಚಾ ಬಂದು ನಿಂತರು. ಬಗ್ಗಿ ನೆಲ ನೋಡಿದರು.

"ಅಕ್ಕಾರು ಊರಾಗಿಲ್ಲೇನು?"

"ಹೆಂಗೆ ಗೊತ್ತಾತ್ರಿ ಚಾಚಾ?"

"ಸೊಟ್ಟ ಐತೆ" ಎಂದರು. ಸುತ್ತಿನ ಪಕ್ಕದಲ್ಲಿ ಕೋಲೂರಿ, ಮಸೀದಿಯ ಕಡೆ ತಿರುಗಿ, ಎರಡು ಹೆಜ್ಜೆ ಇಟ್ಟು ಮತ್ತೆ ಹೇಳಿದರು: "ಕಾಣ್ತೈತೆ. ದಿನಾ ಹಾಕು."