ಎರಡು ಪಾಯಿಂಟ್ ಇಪ್ಪತ್ತೇಳು

ಈ ಭಾನುವಾರ ಬೆಳಿಗ್ಗೆ ಕೂಲರಿಗೆ ನೀರು ಏರುತ್ತಿರಲಿಲ್ಲ. ನಾಗಪುರದ ಮೇ ತಿಂಗಳಲ್ಲಿ ಕೂಲರ್ ನಿಂತರೆ ಸಂಸಾರವೂ ನಿಂತಂತೆಯೇ. ಪಂಪನ್ನು ಬಿಚ್ಚಿದೆ, ತೊಳೆದೆ, ಬೈದೆ, ಮತ್ತೆ ಜೋಡಿಸಿದೆ. ಮೂವತ್ತು ವರ್ಷ ಪೈಪುಗಳ ಲೆಕ್ಕ ಮಾಡಿಯೇ ಸಂಬಳ ಪಡೆದವನು ನಾನು ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಕೊನೆಗೆ ದೋಷ ಹಿಡಿದವಳು ಕಾಲೇಜಿಗೆ ಹೋಗುವ ನನ್ನ ಮಗಳು.

"ಅಪ್ಪಾ, ಪಂಪ್ ಛಲೋನ ಐತಿ. ಪೈಪ್ ನೋಡು, ಮೂಲ್ಯಾಗ ಚಪಟಾ ಆಗೇತಿ."

ಕಿಟಕಿಯ ಮೂಲೆಯಲ್ಲಿ ತಿರುಗಿದ ಕಡೆ ರಬ್ಬರ್ ಪೈಪು ಹಪ್ಪಳದಂತೆ ಅಂಟಿಕೊಂಡಿತ್ತು. "ಬಾಗಿದ್ದು ದುಂಡಗ ಉಳ್ಯಂಗಿಲ್ಲ, ತಮ್ಮಾ. ಎಲ್ಲಾ ತಾಪತ್ರಯ ಅಲ್ಲಿಂದನ ಚಾಲೂ" ಎಂದು ಕಟಗೇರಿ ಸಾಹೇಬರು ಹೇಳುತ್ತಿದ್ದದ್ದು ನೆನಪಾಯಿತು.

ಸಾಹೇಬರನ್ನು ನಿಮಗೆ ಪರಿಚಯಿಸಬೇಕು. ಬಾಗಲಕೋಟೆ ಕಡೆಯವರು, ನಾಗಪುರದಲ್ಲಿ ನಾನು ಮೊದಲು ಸೇರಿದ ಸಣ್ಣ ಡಿಸೈನ್ ಆಫೀಸಿನಲ್ಲಿ ಹಿರಿಯ ಎಂಜಿನಿಯರ್. ಊರಾಚೆಯ ಬುಟಿಬೋರಿಯ ಕಾರ್ಖಾನೆಗಳಲ್ಲಿ ಹಬೆಯ ಪೈಪುಗಳನ್ನು ಹೇಗೆ ಒಯ್ಯಬೇಕೆಂದು ಲೆಕ್ಕ ಹಾಕುವುದು ನಮ್ಮ ಕಸುಬು. ಹಬೆ ಹೊಕ್ಕ ಪೈಪು ಕಾದು ಹಿಗ್ಗುತ್ತದೆ, ಹಿಗ್ಗಿದ ಸಿಟ್ಟನ್ನೆಲ್ಲ ತಿರುವಿನಲ್ಲಿರುವ ಬಾಗಿದ ತುಂಡಿನ ಮೇಲೆ, ಅಂದರೆ ಎಲ್ಬೋ ಮೇಲೆ, ತೀರಿಸಿಕೊಳ್ಳುತ್ತದೆ. ನೆಟ್ಟಗಿನ ಪೈಪಿಗಿಂತ ಅಲ್ಲಿ ಒತ್ತಡ ಎಷ್ಟು ಪಟ್ಟು ಹೆಚ್ಚು ಎಂದು ಹೇಳಲು ಒಂದು ಸಂಖ್ಯೆ ಇದೆ. ಬಾಗುವವರ ಮೇಲೆಯೇ ಭಾರ ಹೆಚ್ಚು ಎಂಬ ಈ ಸಂಗತಿಯನ್ನು ನನ್ನ ಹೆಂಡತಿ ಯಾವ ಸೂತ್ರದ ಹಂಗೂ ಇಲ್ಲದೆ ಹೇಳಬಲ್ಲಳು.

ಇಂದು ಆ ಸಂಖ್ಯೆಯನ್ನು ಕೇಳುವ ಮೊದಲೇ ಕಂಪ್ಯೂಟರ್ ಕೊಡುತ್ತದೆ. ಆಗಲೂ ಕಂಪ್ಯೂಟರ್ ಇತ್ತು, ಮಾಲೀಕರ ಕೋಣೆಯಲ್ಲಿ, ಧೂಳು ಕೂರದಿರಲೆಂದು ಬಟ್ಟೆ ಹೊದ್ದುಕೊಂಡು. ನಾವು ಕೈಯಲ್ಲೇ ಮಾಡುತ್ತಿದ್ದೆವು. ಪೈಪಿನ ಗೋಡೆಯ ದಪ್ಪವನ್ನು ತಿರುವಿನ ತ್ರಿಜ್ಯದಿಂದ ಗುಣಿಸಿ, ಪೈಪಿನ ಸರಾಸರಿ ತ್ರಿಜ್ಯದ ವರ್ಗದಿಂದ ಭಾಗಿಸಿ, ಬಂದದ್ದರ ಘನಮೂಲ ತೆಗೆದು, ಅದನ್ನು ಮತ್ತೆ ವರ್ಗ ಮಾಡಿ, ಸೊನ್ನೆ ಪಾಯಿಂಟ್ ಒಂಬತ್ತನ್ನು ಅದರಿಂದ ಭಾಗಿಸಬೇಕು. ಸಾಹೇಬರಿಗೆ ಇದಕ್ಕೆಲ್ಲ ಲಾಗ್ ಟೇಬಲ್ಲೇ ಆಗಬೇಕು. ನಾನೊಮ್ಮೆ ಕ್ಯಾಲ್ಕುಲೇಟರ್ ಚಾಚಿದಾಗ, "ಎಲ್ಲಾ ಅದ ಮಾಡೂದಾದ್ರ ಪಗಾರ ಅದಕ್ಕ ಕೊಡಸ್ತೀನಿ. ನೀ ಊರಿಗೆ ಹೋಗು" ಎಂದಿದ್ದರು.

ಅವರದೊಂದು ಕಟ್ಟುನಿಟ್ಟಿನ ಪದ್ಧತಿ ಇತ್ತು. ಒಬ್ಬ ಮಾಡಿದ ಲೆಕ್ಕವನ್ನು ಇನ್ನೊಬ್ಬ ಮುಂದಿಟ್ಟುಕೊಂಡು ಪರಿಶೀಲಿಸುವಂತಿಲ್ಲ. ಎರಡನೆಯವನು ನಕ್ಷೆಯನ್ನಷ್ಟೇ ಹಿಡಿದು ಪಕ್ಕದ ಕೋಣೆಗೆ ಹೋಗಿ ಬಿಳಿ ಹಾಳೆಯ ಮೇಲೆ ಮೊದಲಿನಿಂದ ಮಾಡಬೇಕು. ಆಮೇಲೆ ಎರಡೂ ಹಾಳೆ ಅಕ್ಕಪಕ್ಕ. ಉತ್ತರ ಒಂದೇ ಆದರೆ ಇಬ್ಬರ ಸಹಿ, ಚಹಾ. ಸಾಹೇಬರ ಉತ್ತರ ತಪ್ಪಿದ್ದನ್ನು ಆ ಆಫೀಸು ಕಂಡಿರಲಿಲ್ಲ. ಹೀಗಿರುವಾಗ ಪಕ್ಕದ ಕೋಣೆಯಲ್ಲಿ ಬೆವರುವುದು ವ್ಯರ್ಥ ಎಂದು ನನ್ನಂಥ ಬುದ್ಧಿವಂತನಿಗೆ ಆರೇ ತಿಂಗಳಲ್ಲಿ ಹೊಳೆಯಿತು. ಅವರು ಊಟಕ್ಕೆ ಎದ್ದಾಗ ಅವರ ಹಾಳೆ ನೋಡಿಕೊಂಡು ನನ್ನದನ್ನು ತುಂಬಿಸತೊಡಗಿದೆ. ನಿಜವೆನಿಸಲಿ ಎಂದು ನಡುನಡುವೆ ಒಂದೆರಡು ಅಂಕಿ ಹೊಡೆದುಹಾಕುತ್ತಿದ್ದೆ.

ಹೀಗೇ ಒಂದು ಆರಿಂಚಿನ ಪೈಪಿನ ಎಲ್ಬೋ ಬಂತು. ಸಾಹೇಬರ ಉತ್ತರ ಎರಡು ಪಾಯಿಂಟ್ ಇಪ್ಪತ್ತೇಳು. ಏನಾಶ್ಚರ್ಯ, ನನ್ನದೂ ಅಷ್ಟೇ. ಚಹಾ ಕುಡಿದೆವು.

ಎರಡು ತಿಂಗಳಾದ ಮೇಲೆ, ಹಬೆ ಬಿಡುವ ಹಿಂದಿನ ದಿನ, ಇಬ್ಬರೂ ಬುಟಿಬೋರಿಗೆ ಹೋದೆವು. ಸಾಹೇಬರು ತಲೆಯೆತ್ತಿ ಆ ಎಲ್ಬೋ ನೋಡಿದರು, ನೋಡುತ್ತಲೇ ನಿಂತರು. ಜಾಗ ಇಕ್ಕಟ್ಟೆಂದು ಅಲ್ಲಿ ಚಿಕ್ಕ ತಿರುವಿನ ಎಲ್ಬೋ ಹಾಕಿದ್ದರು. ನಕ್ಷೆಯಲ್ಲೂ ಅದೇ ಇತ್ತು. ಸಾಹೇಬರು ಮಾತ್ರ ಕೈರೂಢಿಯಿಂದ ಎಂದಿನ ದೊಡ್ಡ ತಿರುವಿನ ಲೆಕ್ಕ ಹಿಡಿದಿದ್ದರು, ಆರಿಂಚಿನ ತ್ರಿಜ್ಯದ ಬದಲು ಒಂಬತ್ತು. ಅಲ್ಲೇ ಪೈಪಿನ ರಾಶಿಯ ಮೇಲೆ ಕುಳಿತು, ಜೀವನದಲ್ಲಿ ಮೊದಲ ಸಲ ನನ್ನ ಕ್ಯಾಲ್ಕುಲೇಟರ್ ಕೇಳಿ ತೆಗೆದುಕೊಂಡು, ಊಟದ ಡಬ್ಬಿ ಸುತ್ತಿದ್ದ ಕಾಗದದ ಮೇಲೆ ಲೆಕ್ಕ ಬರೆದರು. ತಿರುವು ಚಿಕ್ಕದಾದಷ್ಟೂ ಒತ್ತಡ ಹೆಚ್ಚು, ಉತ್ತರ ಮೂರರ ಹತ್ತಿರ ಬಂತು. "ನಾಳೆ ಹಬಿ ಬಿಡಬ್ಯಾಡ್ರಿ" ಎಂದು ಕಾರ್ಖಾನೆಯವರಿಗೆ ಹೇಳಿದರು. ಆ ಎಲ್ಬೋ ಕೆಳಗೆ ಆರೇಳು ಜನ ದಿನವಿಡೀ ನಿಂತು ಕೆಲಸ ಮಾಡುವವರಿದ್ದರು.

ಮರುದಿನ ಮಾಲೀಕರು ಎರಡೂ ಹಾಳೆ ಮುಂದಿಟ್ಟುಕೊಂಡು ಕೇಳಿದರು: ಒಬ್ಬರು ತಪ್ಪುವುದುಂಟು, ಇಬ್ಬರಿಗೂ ಅದೇ ತಪ್ಪು ಹೇಗೆ ಬಂತು? ನಾನು ಕಿಟಕಿಯ ಹೊರಗೆ ಬಹಳ ಆಸಕ್ತಿಯಿಂದ ನೋಡಿದೆ. ತ್ರಿಜ್ಯವನ್ನು ತಾವೇ ನನಗೆ ಬಾಯಲ್ಲಿ ಹೇಳಿದ್ದಾಗಿ ಸಾಹೇಬರು ಉತ್ತರಿಸಿದರು. ಅಂದರೆ ತಮ್ಮ ಪದ್ಧತಿಯನ್ನು ತಾವೇ ಮುರಿದಂತಾಯಿತು. ಅಂದಿನಿಂದ ಯಾವ ಲೆಕ್ಕದ ಮೇಲೂ ಅವರ ಸಹಿ ಬೇಡವೆಂದು ತೀರ್ಮಾನವಾಯಿತು. ನಿವೃತ್ತಿಯವರೆಗೂ ಹಳೆಯ ನಕ್ಷೆ ಜೋಡಿಸುತ್ತ ಕುಳಿತರು. ಅವರ ಜಾಗದಲ್ಲಿ ಸಹಿ ಹಾಕಲು ಒಬ್ಬರು ಬೇಕಿತ್ತಲ್ಲ, ನನಗೆ ಬಡ್ತಿಯಾಯಿತು.

ಆ ಮೀಟಿಂಗ್ ಮುಗಿಸಿ ಮೆಟ್ಟಿಲಿಳಿಯುವಾಗ ಸಾಹೇಬರು ಒಂದೇ ಮಾತು ಆಡಿದರು. "ಇಬ್ಬರಿಗೂ ಒಂದ ತಪ್ಪು ಬಂತಂದ್ರ, ಲೆಕ್ಕ ಒಬ್ಬನ ಮಾಡ್ಯಾನ, ತಮ್ಮಾ." ನಾನು ಬಗ್ಗಿ ಬೂಟಿನ ದಾರ ಕಟ್ಟಿಕೊಂಡೆ.

ಇದನ್ನೆಲ್ಲ ಮಗಳಿಗೆ ಹೇಳುವ ಉದ್ದೇಶವಿರಲಿಲ್ಲ. ಪೈಪು ಯಾಕೆ ಚಪ್ಪಟೆಯಾಗುತ್ತದೆ ಎಂದು ದೊಡ್ಡಸ್ತಿಕೆಯಿಂದ ವಿವರಿಸಹೋಗಿ ಅಲ್ಲಿಗೆ ಬಂದು ನಿಂತೆ.

"ಮೀಟಿಂಗ್‌ನ್ಯಾಗ ನೀ ಏನಂದಿ?" ಎಂದಳು.

"ಏನೂ ಅನ್ನಲಿಲ್ಲ."

"ಆಮ್ಯಾಲೆ?"

"ಆಮ್ಯಾಲೂ ಇಲ್ಲ."

"ಅವ್ರು ಅದಾರಲ್ಲ ಇನ್ನೂ?"

ಇದ್ದಾರೆ. ಇದೇ ಊರಲ್ಲಿ, ಮೆಟ್ರೋದಲ್ಲಿ ಆರು ಸ್ಟೇಷನ್ ದೂರ. ಪ್ರತಿ ದಸರೆಗೆ ಹೋಗಿ ಬನ್ನಿ ಕೊಟ್ಟು ಕಾಲು ಮುಟ್ಟಿ ಬರುತ್ತೇನೆ. ಮೊಣಕಾಲಿನ ಬಗ್ಗೆ, ಮೊಮ್ಮಕ್ಕಳ ಬಗ್ಗೆ, ಜೋಳದ ಬಗ್ಗೆ ಮಾತಾಡುತ್ತೇವೆ. ಪೈಪಿನ ಮಾತು ಬರುವುದಿಲ್ಲ. ಹಿಂದಿರುಗುವಾಗ ಪ್ರತಿ ಸಲವೂ ನಾಚಿಕೆಯಾಗುತ್ತದೆ, ಮನೆ ತಲುಪುವ ಹೊತ್ತಿಗೆ ಹೋಗಿಯೂಬಿಡುತ್ತದೆ.

ಮಗಳು ನನ್ನ ಫೋನು ತಂದು ಕೈಗಿಟ್ಟಳು. "ಜಲ್ದಿ ಹಚ್ಚು" ಎಂದು ಎದುರಿಗೇ ಕುಳಿತಳು.

ಸಾಹೇಬರೇ ಎತ್ತಿದರು. ಕುಶಲ ಕೇಳುವ ಧೈರ್ಯವೂ ಬರಲಿಲ್ಲ. "ಸಾಹೇಬ್ರ, ಆ ಆರಿಂಚಿನ ಎಲ್ಬೋ ಲೆಕ್ಕ ನಾ ಮಾಡಿರಲಿಲ್ರಿ. ನಿಮ್ಮದ ನೋಡಿ ಬರದಿದ್ದೆ. ಮೀಟಿಂಗ್‌ನ್ಯಾಗ ಸುಮ್ಮನ ಕುಂತೆ. ತಪ್ಪಾತ್ರಿ" ಎಂದೆ. ಬೈಯಬಹುದು, ಇಲ್ಲವೇ ಹೋಗಲಿ ಬಿಡು ಎನ್ನಬಹುದು. ಎರಡಕ್ಕೂ ತಯಾರಾಗಿ ನಿಂತೆ.

"ಈಗರ ಮಾಡಿದ್ಯೋ ಇಲ್ಲೋ?"

"ಏನ್ರಿ?"

"ಲೆಕ್ಕ."

"ಇಲ್ರಿ."

"ಮತ್ತ ಫೋನ್ ಯಾಕ ಹಚ್ಚಿದಿ? ಇಡು. ಮಾಡಿ ತಗೊಂಡು ಮನಿಗೆ ಬಾ. ನಾನೂ ಇಲ್ಲೆ ಒಂದು ಹಾಳಿ ತಗೋತೀನಿ."