ಮುಚ್ಚಿದ ಕಾಲುವೆಯ ನಕ್ಷೆ

ನಗರದ ವಸ್ತುಸಂಗ್ರಹಾಲಯದ ಹಿಂಬದಿ ಕೋಣೆಯಲ್ಲಿ ಅವಳ ಕೆಲಸ. ಹರಿದ ಹಳೆಯ ಕಾಗದಗಳ ಬೆನ್ನಿಗೆ ತೆಳು ಹಾಳೆ ಅಂಟಿಸಿ, ಭಾರ ಹೇರಿ ಒಣಗಿಸುವುದು. ವರ್ಷಗಟ್ಟಲೆ ಅದನ್ನೇ ಮಾಡಿ ಕತ್ತು ಬಗ್ಗಿಹೋಗಿತ್ತು. ಕೈತೊಳೆದರೂ ಗಂಜಿಯ ವಾಸನೆ ಹೋಗುತ್ತಿರಲಿಲ್ಲ. "ಅಕ್ಕ ಬಂದ್ರೆ ಮನೆಗೆ ಇಸ್ತ್ರಿ ಅಂಗಡಿನೇ ಬಂದಂಗೆ" ಎಂದು ತಂಗಿ ನಗುತ್ತಿದ್ದಳು.

ಗಂಡ ತೀರಿಕೊಂಡ ಮೇಲೆ ಅವಳಿಗೆ ತನ್ನವಳೆಂದು ಉಳಿದವಳು ಆ ತಂಗಿಯೊಬ್ಬಳೇ. ತಂಗಿಯ ಮನೆಯಿದ್ದದ್ದು ತಗ್ಗಿನ ಬೀದಿಯಲ್ಲಿ. ಜೋರು ಮಳೆ ಬಂದರೆ ಹಾಸಿಗೆ, ದಿನಸಿ ಡಬ್ಬ ಎಲ್ಲವೂ ಅಟ್ಟಕ್ಕೇರುತ್ತಿದ್ದವು. ಒಂದು ಮಳೆಗಾಲದಲ್ಲಿ ಆ ಬೀದಿಯ ಮುದುಕರೊಬ್ಬರು ಒಳಗೆ ನುಗ್ಗಿದ ನೀರಿನಲ್ಲೇ ಸತ್ತರು. ಆಗ ನಗರ ಯೋಜನೆಯವರಿಗೆ ಎಚ್ಚರವಾಯಿತು. ಅವರ ಎಂಜಿನಿಯರ್ ಸಂಗ್ರಹಾಲಯಕ್ಕೆ ಬಂದು, ಹಿಂದೆ ನೀರು ಹರಿಯುತ್ತಿದ್ದ ದಾರಿ ತೋರಿಸುವ ನಕ್ಷೆ ಇದೆಯೇ ಎಂದು ಕೇಳಿದರು. ಇತ್ತು, ಹುಳು ತಿಂದು ಚೂರುಚೂರಾಗಿ. ಅದು ಅವಳ ಮೇಜಿಗೆ ಬಂತು.

ಚೂರುಗಳನ್ನು ಜೋಡಿಸುತ್ತ ಹೋದಂತೆ ನೀಲಿ ಗೆರೆಯೊಂದು ಉದ್ದವಾಗತೊಡಗಿತು. ಅದು ಕಾಲುವೆ. ನೇರವಾಗಿ ತಂಗಿಯ ಬೀದಿಯಿದ್ದ ಜಾಗದಲ್ಲೇ ಹರಿದಿತ್ತು. ಯಾವ ಕಾಲದಲ್ಲೋ ಯಾರೋ ಅದನ್ನು ಮುಚ್ಚಿ ಸೈಟು ಮಾಡಿ ಮಾರಿದ್ದರು.

ಅಂದು ಸಂಜೆಯೇ ಹೋಗಿ ಹೇಳಿದಳು.

"ಅಂದ್ರೆ ನಮ್ಮನೆ ಕೆಡವ್ತಾರಾ?" ತಂಗಿ ಕೇಳಿದಳು.

"ಕಾಲುವೆ ತೆಗೆದ್ರೆ ಕೆಡವ್ಲೇಬೇಕು. ಬೇರೆ ಕಡೆ ಮನೆ ಕೊಡ್ತಾರಂತೆ."

"ನಮ್ಮ ಬೀದಿ ಜಾಗದ ಚೂರು ಸಿಗ್ಲಿಲ್ಲ ಅಂದ್ಬಿಡು ಅಕ್ಕ. ನಾನ್ಯಾವತ್ತಾದ್ರೂ ನಿನ್ನ ಏನಾದ್ರೂ ಕೇಳಿದೀನಾ?"

"ಕೇಳದೇ ಇದ್ದಿದ್ದು ಯಾವತ್ತು, ಹೇಳು."

ಇಬ್ಬರಿಗೂ ನಗು ಬರಲಿಲ್ಲ.

ಮರುದಿನ ಆ ಚೂರನ್ನು ಮುಂದಿಟ್ಟುಕೊಂಡು ಸುಮ್ಮನೆ ಕೂತಳು. ಮುಂದಿನ ಮಳೆಗೆ ಆ ಮುದುಕರ ಜಾಗದಲ್ಲಿ ತಂಗಿಯೇ ಇದ್ದರೆ? ಕೊನೆಗೆ ಗಂಜಿ ಸವರಿ ಅಂಟಿಸಿದಳು. ದೊಡ್ಡ ಕೆಲಸ ಮಾಡಿದೆನೆಂದು ಅನಿಸಲಿಲ್ಲ. ಸೊಂಟ ನೋಯುತ್ತಿತ್ತು, ಅಷ್ಟೇ.

ಬೀದಿ ಹೋಯಿತು, ಕಾಲುವೆ ತೆರೆದುಕೊಂಡಿತು. ತಂಗಿಗೆ ಊರಾಚೆ ನಾಲ್ಕನೇ ಮಹಡಿಯಲ್ಲಿ ಮನೆ ಸಿಕ್ಕಿತು. ಅಕ್ಕನ ಜೊತೆ ಮಾತು ನಿಂತಿತು. ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಮುಂದಿನ ಮಳೆಗೆ ನೀರು ತನ್ನ ಪಾಡಿಗೆ ಹರಿದುಹೋಯಿತು, ಯಾರೂ ಸಾಯಲಿಲ್ಲ.

ಸಂಗ್ರಹಾಲಯದವರು ನಕ್ಷೆಯನ್ನು ಗೋಡೆಗೆ ಹಾಕಿದರು. ಒಂದು ಮಧ್ಯಾಹ್ನ ತಂಗಿ ಬಂದು ಅದರ ಮುಂದೆ ನಿಂತಿದ್ದಳು.

"ಇದ್ರಲ್ಲಿ ನಮ್ಮನೆ ಎಲ್ಲಿ?" ಪಕ್ಕಕ್ಕೆ ಬಂದ ಅಕ್ಕನನ್ನು ಕೇಳಿದಳು.

"ಇಲ್ಲ ಕಣೇ. ಇದು ಅದಕ್ಕಿಂತ ಹಳೇದು."

"ಹಾಗಾದ್ರೆ ನಾವು ಬಾಳಿದ್ದು ಎಲ್ಲೂ ಇಲ್ವಾ?"

"ಮನೆ ಫೋಟೋ ಇದ್ಯಾ?" ಎಂದಳು ಅಕ್ಕ.

"ಒದ್ದೆಯಾಗಿ ಒಂದಕ್ಕೊಂದು ಅಂಟ್ಕೊಂಡಿವೆ."

"ತಗೊಂಡ್ಬಾ, ಬಿಡಿಸ್ತೀನಿ."

ತಂಗಿ ತಂದಳು. ಕೆಲವುಗಳಲ್ಲಿ ಮುಖಗಳೇ ಎದ್ದುಹೋದವು. ಎರಡು ಮಾತ್ರ ನೆಟ್ಟಗೆ ಬಂದವು. ಮೇಲಿನವರನ್ನು ಕಾಡಿ ಬೇಡಿ ಅಕ್ಕ ಅವನ್ನು ನಕ್ಷೆಯ ಪಕ್ಕದಲ್ಲಿ ಹಾಕಿಸಿದಳು.

"ನಿನ್ನ ಮೇಲಿನ್ನೂ ಸಿಟ್ಟಿದೆ" ಎಂದಳು ತಂಗಿ.

"ಇರ್ಲಿ ಬಿಡು. ಕೂತ್ಕೋ, ದೂರದಿಂದ ಬಂದಿದೀಯ."