ಗಣಪತಿ ಮುಳುಗಿದ ಪೂಲಿನಲ್ಲಿ

ಗಣಪತಿಯನ್ನು ನೀರಿಗೆ ಬಿಟ್ಟ ಮೂರನೆಯ ದಿನ ನಮ್ಮ ಹಿತ್ತಲಿನ ಈಜುಕೊಳ ಸೋರತೊಡಗಿತು. ವಿಘ್ನ ಕಳೆಯುವವನನ್ನೇ ಮುಳುಗಿಸಿದರೆ ಇನ್ನೇನಾಗುತ್ತದೆ, ಹೇಳಿ?

ಈಜುಕೊಳ ಎಂದಕೂಡಲೇ ಕಣ್ಣರಳಿಸಬೇಡಿ. (ಮೈಸೂರಿನ ನನ್ನ ತಂಗಿ ‘ಅಮೃತಶಿಲೆ ಮೆಟ್ಟಿಲು ಇದೆಯೇನೇ?’ ಎಂದು ಕೇಳಿದ್ದಳು.) ಅಮೆರಿಕದ ಸಾಂಟಾ ಕ್ಲಾರಾದಲ್ಲಿ ನಾವು ಕೊಂಡ ಹಳೆಯ ಮನೆಯ ಜೊತೆ ಬಂದದ್ದು ಅದು. ನೆಲ ಅಗೆದಿಲ್ಲ, ಸಿಮೆಂಟಿಲ್ಲ. ನೆಲದ ಮೇಲೆಯೇ ದುಂಡಗೆ ಒಂದು ತಗಡಿನ ಗೋಡೆ, ತಳಕ್ಕೆ ಮರಳು, ಒಳಗೆಲ್ಲ ಹಾಸಿದ ಒಂದೇ ನೀಲಿ ವಿನೈಲ್ ಹಾಳೆ. ಆ ಹಾಳೆಗೆ ಲೈನರ್ ಎನ್ನುತ್ತಾರೆ. ಎದೆಮಟ್ಟ ನೀರು. ದೊಡ್ಡದೊಂದು ಹಂಡೆ ಎಂದುಕೊಳ್ಳಿ, ಸಾಕು.

ಆದರೆ ಆ ಹಂಡೆಯಲ್ಲಿ ನಾನು ಮೂವತ್ತೆಂಟನೆಯ ವಯಸ್ಸಿನಲ್ಲಿ ತೇಲಲು ಕಲಿತಿದ್ದೆ. ಚಿಕ್ಕಂದಿನಲ್ಲಿ ಅಣ್ಣಂದಿರು ಹೊಳೆಗೆ ಧುಮುಕುತ್ತಿದ್ದರೆ ನಾನು ದಡದಲ್ಲಿ ಕೂತು ಅವರ ಬಟ್ಟೆ ಕಾಯುತ್ತಿದ್ದೆ. ಈ ಬೇಸಿಗೆಯಲ್ಲಿ ಮಗಳು ಅನು ನನ್ನ ಬೆನ್ನಿಗೆ ಕೈ ಕೊಟ್ಟು, ‘ಅಮ್ಮಾ, ಜಸ್ಟ್ ರಿಲ್ಯಾಕ್ಸ್!’ ಎಂದು ಬೈದು ಬೈದು ತೇಲಿಸಿದಳು. ಮೊದಲ ಸಲ ಆಕಾಶ ನೋಡುತ್ತಾ ನೀರಿನ ಮೇಲೆ ಮಲಗಿದಾಗ ನನಗೆ ಅಳುವೇ ಬಂತು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಈ ಸಲ ಹಬ್ಬಕ್ಕೆ ಸುತ್ತಮುತ್ತಲ ಕನ್ನಡದವರೆಲ್ಲ ನಮ್ಮ ಮನೆಗೇ ಬಂದಿದ್ದರು. ಬೇರೆ ಯಾರ ಹಿತ್ತಲಲ್ಲಿ ನೀರಿದೆ? ಮಣ್ಣಿನ ಗಣಪತಿಯನ್ನು ಮಾಡಿದ್ದು ನಮ್ಮ ಯಜಮಾನರು. ಚಿಪ್ ಕಂಪನಿಯ ಇಂಜಿನಿಯರು, ಕೆಲಸ ಅಚ್ಚುಕಟ್ಟು. ನಾಲ್ಕು ಕೈಗಳೂ ಬಿರುಕು ಬಿಡದೆ ನೆಟ್ಟಗೆ ನಿಂತಿದ್ದವು. ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ‘ಅದಕ್ಕೊಂದು ಟೆಕ್ನಿಕ್ ಇದೆ’ ಎಂದು ಇವರು ಮೀಸೆಯಡಿ ನಕ್ಕರು. ಮಂಗಳಾರತಿ ಎತ್ತಿ, ಜೈಕಾರ ಹಾಕಿ, ಮೂರು ಸಲ ಮುಳುಗಿಸಿ ಬಿಟ್ಟೆವು.

ಆಮೇಲೆ ಅಕ್ಟೋಬರಿನವರೆಗೂ ನೀರು ದಿನದಿನಕ್ಕೆ ಇಳಿಯಿತು.

‘ಲೈನರಿನ ಆಯಸ್ಸು ಮುಗೀತು,’ ಎಂದರು ಇವರು. ‘ಪೂಲು ಕಿತ್ತು ಹಾಕಿ ಲಾನ್ ಮಾಡೋಣ. ತಲೆನೋವು ತಪ್ಪುತ್ತೆ.’

‘ಹೊಸಾ ಲೈನರ್ ಹಾಕ್ಸಿದ್ರೆ?’

‘ಹಾಕೋರ ಕೂಲಿ ಕೇಳಿದೀಯಾ?’

‘ಹಾಗಾದ್ರೆ ನಾನೇ ಹಾಕ್ತೀನಿ.’

ಇವರು ನಕ್ಕರು. ನಕ್ಕು, ಗಡುವನ್ನೂ ಇಟ್ಟರು. ಶನಿವಾರ ಸಂಜೆಯೊಳಗೆ ಲೈನರ್ ಕೂರಬೇಕು. ಇಲ್ಲದಿದ್ದರೆ ಭಾನುವಾರ ತಗಡು ಬಿಚ್ಚುವುದೇ. (ಹೆಂಗಸರಿಗೆ ಗಡುವು ಕೊಡುವ ಗಂಡಸರು ಹಬ್ಬದ ಹಿಂದಿನ ದಿನ ಒಮ್ಮೆ ಅಡುಗೆಮನೆಗೆ ಬಂದು ನೋಡಬೇಕು.)

ಹೊಸ ಲೈನರ್ ತರಿಸಿಕೊಂಡು, ಶುಕ್ರವಾರ ಉಳಿದ ನೀರನ್ನೆಲ್ಲ ಹೊರಗೆ ಹರಿಸಿದೆ. ಹಳೆಯ ಹಾಳೆ ಕೊಯ್ಯಲು ಚಾಕು ಹಿಡಿದು ಇಳಿದರೆ ಕಂಡದ್ದೇನು? ತಳಕ್ಕೆ ಚುಚ್ಚಿಕೊಂಡು ನಿಂತಿದೆ, ಬಟ್ಟೆ ಹ್ಯಾಂಗರಿನ ತಂತಿ! ಅದಕ್ಕಿನ್ನೂ ಜೇಡಿಮಣ್ಣು ಮೆತ್ತಿತ್ತು. ಗಣಪತಿಯ ತೋಳೊಳಗಿನ ತಂತಿ. ಇದೇ ಆ ಟೆಕ್ನಿಕ್ಕು!

ತಂತಿಯನ್ನು ತೊಳೆದು ಇವರ ಕಣ್ಣಿಗೆ ಬೀಳದಂತೆ ಎತ್ತಿಟ್ಟೆ. ಎಲ್ಲಕ್ಕೂ ಹೊತ್ತು ಗೊತ್ತು ಇರುತ್ತದಲ್ಲ?

ಶನಿವಾರ ಬೆಳಗ್ಗೆ ಕೆಲಸ ಶುರು. ಮೈಸೂರಿನಿಂದ ಬಂದು ನಮ್ಮ ಜೊತೆಗಿರುವ ಅತ್ತೆ ಸ್ವೆಟರ್ ಹಾಕಿಕೊಂಡು ಮರಳಿನಲ್ಲಿ ಕೂತು, ಅಕ್ಕಿ ಆರಿಸುವ ಹಾಗೆ ಒಂದೊಂದೇ ಕಲ್ಲು ಹೆಕ್ಕಿದರು. ನಾನು ಮರಳನ್ನು ತಟ್ಟಿ ಮಟ್ಟ ಮಾಡಿದೆ. ಹೊಸ ಲೈನರ್ ಹಾಸಿ, ಒಂದು ಬದಿಯ ಅಂಚನ್ನು ಗೋಡೆಯ ಮೇಲೆ ಮಡಚಿ ಕ್ಲಿಪ್ಪು ಹಾಕಿದೆ. ಎದುರು ಬದಿಗೆ ಬಂದರೆ ಒಂದು ಗೇಣು ಕಡಿಮೆ! ಜಗ್ಗಿದೆ. ಅನುವೂ ಜಗ್ಗಿದಳು. ಜಪ್ಪಯ್ಯ ಎಂದರೂ ಬರಲಿಲ್ಲ.

‘ಇಟ್ಸ್ ಟೂ ಸ್ಮಾಲ್, ಅಮ್ಮಾ,’ ಎಂದಳು ಅನು.

‘ರಾಂಗ್ ಸೈಜ್,’ ಎಂದರು ಇವರು, ಕಾಫಿ ಲೋಟ ಹಿಡಿದು.

ಅಷ್ಟು ಆಸೆಪಟ್ಟ ನೀರು ಕೈತಪ್ಪಿತೇ? ಸಿಟ್ಟಿನಲ್ಲಿ ಮತ್ತೊಮ್ಮೆ ಜಗ್ಗಹೊರಟೆ.

‘ಎಳೀಬೇಡ್ವೇ, ಹರಿದೀತು!’ ಎಂದರು ಅತ್ತೆ.

ಈ ಮಾತನ್ನು ಎಲ್ಲಿ ಕೇಳಿದ್ದೆ? ಮದುವೆಯಾದ ಹೊಸದರಲ್ಲಿ, ಹೋಳಿಗೆ ಮಾಡುವಾಗ! ಕಣಕ ಕಲಸಿದ ಕೂಡಲೇ ಎಳೆದರೆ ಹರಿಯುತ್ತದೆ. ಎಣ್ಣೆ ಹಾಕಿ ನೆನೆಯಲು ಬಿಟ್ಟರೆ ಎಳೆದಷ್ಟೂ ಬರುತ್ತದೆ. ಲೈನರನ್ನು ಮುಟ್ಟಿ ನೋಡಿದೆ. ಬೆಳಗಿನ ಚಳಿಗೆ ಬಿರುಸಾಗಿ ಸೆಟೆದುಕೊಂಡಿತ್ತು. ಇದು ಸೈಜಿನ ತಪ್ಪಲ್ಲ, ಹೊತ್ತಿನ ತಪ್ಪು!

ಕ್ಲಿಪ್ಪು ಬಿಚ್ಚಿ, ಹಾಳೆಯನ್ನು ಹುಲ್ಲಿನ ಮೇಲೆ ಹರಡಿ, ಒಳಗೆ ಹೋಗಿ ಒಗ್ಗರಣೆ ಹಾಕಿದೆ.

‘ಏನು, ಕೈಬಿಟ್ಯಾ?’ ಎಂದರು ಇವರು, ಬಹಳ ಮೃದುವಾಗಿ. (ಗೆದ್ದವರ ಮೃದುತ್ವ ನಿಮಗೂ ಗೊತ್ತಿರಬೇಕು.)

‘ಇಲ್ಲ. ನೆನೀತಾ ಇದೆ.’

ಇಲ್ಲಿಯ ಅಕ್ಟೋಬರು ಬೆಳಗ್ಗೆ ಸ್ವೆಟರ್ ಹಾಕಿಸಿ ಮಧ್ಯಾಹ್ನ ಬಿಚ್ಚಿಸುತ್ತದೆ. ಊಟ ಮುಗಿಸಿ ಹೊರಗೆ ಬಂದರೆ ಲೈನರ್ ಬಿಸಿಲಿಗೆ ಮೆತ್ತಗಾಗಿತ್ತು. ಮತ್ತೆ ಹಾಸಿದೆವು. ಎಳೆದೆ. ಬಂತು! ಇನ್ನಷ್ಟು ಎಳೆದೆ. ಇನ್ನಷ್ಟು ಬಂತು! ಅಂಚು ಗೋಡೆ ದಾಟಿ ಆಚೆ ಮಡಚಿಕೊಂಡಾಗ ನಾನು ಹಾಕಿದ ಕೇಕೆಗೆ ಪಕ್ಕದ ಮನೆಯ ನಾಯಿ ಬೊಗಳಿತು.

ಸುಕ್ಕುಗಳು ಉಳಿದಿದ್ದವು. ಗೋಡೆಗೂ ಹಾಳೆಗೂ ನಡುವೆ ಮನೆಯ ವ್ಯಾಕ್ಯೂಮ್ ಕ್ಲೀನರಿನ ಕೊಳವೆ ತೂರಿಸಿ, ಸಂದಿಗೆ ಟೇಪು ಸುತ್ತಿದೆ. ಅನು ಸ್ವಿಚ್ಚು ಒತ್ತಿದಳು. ಒಳಗಿನ ಗಾಳಿಯೆಲ್ಲ ಹೀರಿಹೋಗಿ ಹಾಳೆ ಗೋಡೆಗೆ ಗಪ್ಪನೆ ಅಂಟಿತು. ತಳದಲ್ಲಿ ಉಳಿದದ್ದನ್ನು ಅತ್ತೆ ಕಾಲುಚೀಲದ ಪಾದದಲ್ಲೇ ಒತ್ತಿ ಒತ್ತಿ ಅಂಚಿಗೆ ಸರಿಸಿದರು. ಸಂಜೆಯಾಗುವ ಮೊದಲೇ ನೀರು ಬಿಟ್ಟೆವು. ಪೈಪು ಹಿಡಿಯಲು ಇವರೂ ಬಂದರು, ಪಾಪ.

ಇಂಜಿನಿಯರು ಮಾಡಿದರೆ ಟೆಕ್ನಿಕ್ಕು, ನಾವು ಮಾಡಿದರೆ ಬರೀ ಅಡುಗೆ ಕೆಲಸ. ಇದು ಯಾವ ನ್ಯಾಯ? ಇಷ್ಟು ವರ್ಷ ಕಣಕ ನಾದಿದ ಕೈಗೆ ಒಂದು ಪ್ಲಾಸ್ಟಿಕ್ ಹಾಳೆ ಯಾವ ಲೆಕ್ಕ?

ಭಾನುವಾರ ಮಧ್ಯಾಹ್ನ ಪೂಲು ತುಂಬಿತು. ನಲ್ಲಿಯ ಹೊಸ ನೀರು, ಕೊರೆಯುವಷ್ಟು ತಣ್ಣಗೆ. ಹಲ್ಲು ಕಟಕಟ ಎನ್ನುತ್ತಿದ್ದರೂ ಬೆನ್ನು ಚಾಚಿ ತೇಲಿದೆ. ಮೇಲೆ ಅದೇ ಆಕಾಶ. ಎಂಥ ಸುಖ!

ಇವರು ಏಣಿಯ ಹತ್ತಿರ ಬಂದು, ‘ಸೋತೆ ಕಣೆ,’ ಎಂದರು. ಹೊತ್ತು ಬಂದಿತ್ತು. ಅತ್ತೆಗೆ ಸನ್ನೆ ಮಾಡಿದೆ. ನಾನು ಮೊದಲೇ ಕೊಟ್ಟಿದ್ದ ತಂತಿಯನ್ನು ಅವರು ಸೆರಗಿನಿಂದ ತೆಗೆದು ಮಗನ ಕೈಗಿಟ್ಟರು. ಇವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಮುಖ ಕೆಂಪಾಯಿತು. ಅತ್ತೆ ಸೆರಗು ಬಾಯಿಗಿಟ್ಟು ನಗತೊಡಗಿದರು.

‘ಮುಂದಿನ ವರ್ಷ ಗಣಪತಿ ಎಲ್ಲಿ ಬಿಡೋದು?’ ಎಂದರು ಇವರು ಕೊನೆಗೆ, ಮೆಲ್ಲಗೆ.

‘ಇಲ್ಲೇ ಬಿಡೋಣ ರೀ,’ ಎಂದೆ, ತೇಲುತ್ತಲೇ. ‘ಮಾಡೋದು ಮಾತ್ರ ನಾನು!’